ಪದವಿಯ ನಂತರ ಕಾಲೇಜು ಯಾರದು?

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ, ಕಯೂಗ ಸರೋವರದ ದಂಡೆಯ ಮೇಲೆ ಅರೋರ ಎಂಬ ಪುಟ್ಟ ಊರಿದೆ. ಹೆನ್ರಿ ವೆಲ್ಸ್ ಎಂಬ ಉದ್ಯಮಿ 1868ರಲ್ಲಿ ಅಲ್ಲಿ ಹೆಣ್ಣುಮಕ್ಕಳಿಗಾಗಿ ಒಂದು ವಿದ್ಯಾಸಂಸ್ಥೆಯನ್ನು ತೆರೆದರು. ಕುದುರೆ ಗಾಡಿಗಳಲ್ಲಿ ಚಿನ್ನ, ಹಣ, ಅಂಚೆ ಸಾಗಿಸುತ್ತಿದ್ದ ವೆಲ್ಸ್ ಫಾರ್ಗೊ ಕಂಪನಿಯ ಸ್ಥಾಪಕರಲ್ಲಿ ಅವರೂ ಒಬ್ಬರು. ಆ ನೆನಪಿಗಾಗಿ ವೆಲ್ಸ್ ಕಾಲೇಜಿನ ಕೊನೆಯ ವರ್ಷದ ವಿದ್ಯಾರ್ಥಿಗಳನ್ನು ಹಳೆಯ ಕಾಲದ ಸಾರೋಟಿನಲ್ಲಿ ಕೂರಿಸಿ ಮೆರೆಸುವುದು ಅಲ್ಲಿನ ವಾಡಿಕೆಯಾಗಿತ್ತು. ಹೊರಡುವ ಮುನ್ನ ಮಿನರ್ವ ದೇವತೆಯ ಪ್ರತಿಮೆಯ ಪಾದಕ್ಕೆ ಮುತ್ತಿಡುವುದೂ ಇತ್ತು. 2024ರ ಏಪ್ರಿಲ್ 29ರಂದು, ಪದವಿ ಪ್ರದಾನದ ಸಿದ್ಧತೆಗಳು ನಡೆದಿದ್ದಾಗಲೇ, ಆಡಳಿತ ಮಂಡಳಿಯ ಪ್ರಕಟಣೆ ಹೊರಬಿತ್ತು: ಈ ಅವಧಿ ಮುಗಿದ ಕೂಡಲೇ ಕಾಲೇಜು ಮುಚ್ಚಲಿದೆ. ನೂರೈವತ್ತಾರು ವರ್ಷಗಳ ಸಂಸ್ಥೆಗೆ ಆ ಮೇ ತಿಂಗಳ ಸಮಾರಂಭವೇ ಕೊನೆಯದಾಯಿತು.

ಸಂಪ್ರದಾಯಗಳಿಗೆ ಅಲ್ಲಿ ಕೊರತೆಯಿರಲಿಲ್ಲ. ಕಾಲೇಜನ್ನು ಪ್ರೀತಿಸುವ ಹಳೆಯ ವಿದ್ಯಾರ್ಥಿನಿಯರೂ ಕಡಿಮೆಯಿರಲಿಲ್ಲ. ನಿರ್ಧಾರವಾದ ಮೇಲೆ ಸುದ್ದಿ ತಿಳಿದ ಅವರಿಗೆ ಮಾಡಲು ಏನೂ ಉಳಿದಿರಲಿಲ್ಲ, ಅಷ್ಟೆ. ಕಳೆದ ಹತ್ತು ವರ್ಷಗಳಲ್ಲಿ ಆ ದೇಶದ ಅನೇಕ ಸಣ್ಣ ಕಾಲೇಜುಗಳು ಇದೇ ದಾರಿ ಹಿಡಿದಿವೆ. ವರ್ಮಾಂಟ್ ರಾಜ್ಯದ ಗ್ರೀನ್ ಮೌಂಟನ್ 2019ರಲ್ಲಿ, ಮಾರ್ಲ್‌ಬರೊ 2020ರಲ್ಲಿ, ಅಲಬಾಮದ ಬರ್ಮಿಂಗ್‌ಹ್ಯಾಮ್ ಸದರ್ನ್ 2024ರಲ್ಲಿ ಬಾಗಿಲು ಹಾಕಿದವು. ಕಾಲೇಜಿಗೆ ಬರುವ ವಯಸ್ಸಿನ ಮಕ್ಕಳ ಸಂಖ್ಯೆ ಇಳಿಮುಖವಾಗಿದೆ, ಶುಲ್ಕ ಏರಿದೆ, ಸಾಲ ಮಾಡಿ ಓದುವುದು ಲಾಭವೇ ಎಂದು ಪೋಷಕರು ಲೆಕ್ಕ ಹಾಕತೊಡಗಿದ್ದಾರೆ. ಇವು ಎಲ್ಲ ಸಣ್ಣ ಕಾಲೇಜುಗಳಿಗೂ ಸಮಾನವಾಗಿ ಎದುರಾದ ಕಷ್ಟಗಳು. ಆದರೂ ಕೆಲವು ಉಳಿದುಕೊಂಡವು. ಹಾಗೆ ಉಳಿದವುಗಳಲ್ಲಿ ಒಂದರ ಕಥೆ ನಮ್ಮ ಊರುಗಳ ಕಾಲೇಜುಗಳನ್ನು ಕುರಿತು ಯೋಚಿಸುವವರಿಗೆ ಉಪಯುಕ್ತವೆಂದು ನನಗೆ ತೋರುತ್ತದೆ.

ವರ್ಜೀನಿಯ ರಾಜ್ಯದ ಸ್ವೀಟ್ ಬ್ರಯರ್ ಕೂಡ ಮಹಿಳಾ ಕಾಲೇಜು. ಇಂಡಿಯಾನ ಫ್ಲೆಚರ್ ವಿಲಿಯಮ್ಸ್ ಎಂಬ ಶ್ರೀಮಂತ ಮಹಿಳೆ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ತಮ್ಮ ಒಬ್ಬಳೇ ಮಗಳು ಡೇಸಿಯ ಸ್ಮರಣೆಗಾಗಿ ಸಾವಿರಾರು ಎಕರೆಯ ತೋಟವನ್ನು ಉಯಿಲಿನ ಮೂಲಕ ಬಿಟ್ಟುಕೊಟ್ಟರು. 1901ರಲ್ಲಿ ಸಂಸ್ಥೆ ಸ್ಥಾಪನೆಯಾಗಿ 1906ರಲ್ಲಿ ತರಗತಿಗಳು ಆರಂಭವಾದವು. ಪ್ರತಿ ವರ್ಷ ಸ್ಥಾಪಕರ ದಿನದಂದು ವಿದ್ಯಾರ್ಥಿನಿಯರು ಮೆರವಣಿಗೆಯಲ್ಲಿ ಗುಡ್ಡ ಹತ್ತಿ ಡೇಸಿಯ ಸಮಾಧಿಯ ಮೇಲೆ ಡೇಸಿ ಹೂಗಳನ್ನಿಡುತ್ತಾರೆ. ಕೊನೆಯ ವರ್ಷದವರು ತೊಡುವ ಕಪ್ಪು ನಿಲುವಂಗಿ ಅಂಗಡಿಯಿಂದ ಬಾಡಿಗೆಗೆ ತಂದದ್ದಲ್ಲ. ಹಿಂದಿನ ವರ್ಷ ಹೊರಟವಳು ಅದನ್ನು ಕಿರಿಯಳೊಬ್ಬಳಿಗೆ ಕೊಟ್ಟು ಹೋಗುತ್ತಾಳೆ. ಅವಳು ಅದಕ್ಕೆ ತನ್ನದೊಂದು ತೇಪೆ, ಬಿಲ್ಲೆ, ಕಸೂತಿ ಸೇರಿಸಿ ಮುಂದಿನವಳಿಗೆ ದಾಟಿಸುತ್ತಾಳೆ. ನಮ್ಮಲ್ಲಿ ಅಕ್ಕನ ಪಠ್ಯಪುಸ್ತಕ ತಂಗಿಗೆ ಬರುತ್ತಿದ್ದ ಕಾಲ ಕಂಡವರಿಗೆ ಇದರ ಸೊಗಸನ್ನು ವಿವರಿಸಬೇಕಿಲ್ಲ.

2015ರ ಮಾರ್ಚ್ 3ರಂದು ಈ ಕಾಲೇಜಿನ ಅಧ್ಯಕ್ಷರು ಸಿಬ್ಬಂದಿಯನ್ನೂ ವಿದ್ಯಾರ್ಥಿನಿಯರನ್ನೂ ಕರೆದು, ದಾಟಲಾಗದ ಆರ್ಥಿಕ ಮುಗ್ಗಟ್ಟಿನ ಕಾರಣ ಆಗಸ್ಟ್‌ನಲ್ಲಿ ಸಂಸ್ಥೆಯನ್ನು ಮುಚ್ಚಲಾಗುವುದೆಂದು ತಿಳಿಸಿದರು. ಕಾಲೇಜಿನ ದತ್ತಿ ನಿಧಿಯಲ್ಲಿ ಆಗಲೂ 8 ಕೋಟಿ ಡಾಲರ್‌ಗೂ ಮಿಕ್ಕ ಹಣವಿತ್ತು. ಆದರೆ ಅದರಲ್ಲಿ ಬಹುಪಾಲನ್ನು ದಾನಿಗಳು ಗೊತ್ತುಪಡಿಸಿದ ಉದ್ದೇಶಕ್ಕಲ್ಲದೆ ಬೇರೆಯದಕ್ಕೆ ಮುಟ್ಟುವಂತಿರಲಿಲ್ಲ.

ಮುಂದಿನ ಬೆಳವಣಿಗೆಗಳ ವೇಗ ಆಶ್ಚರ್ಯ ಹುಟ್ಟಿಸುವಂಥದು. ಹಳೆಯ ವಿದ್ಯಾರ್ಥಿನಿಯರು ಕೆಲವೇ ದಿನಗಳಲ್ಲಿ ‘ಸೇವಿಂಗ್ ಸ್ವೀಟ್ ಬ್ರಯರ್’ ಎಂಬ ಸಂಸ್ಥೆ ಕಟ್ಟಿದರು, ವಕೀಲರನ್ನು ನೇಮಿಸಿಕೊಂಡರು, ವರ್ಷವಾರು ಪಟ್ಟಿಗಳನ್ನು ಹಿಡಿದು ದೇಣಿಗೆಯ ವಾಗ್ದಾನ ಸಂಗ್ರಹಿಸತೊಡಗಿದರು. ಸ್ಥಳೀಯ ಕೌಂಟಿಯ ಸರ್ಕಾರಿ ವಕೀಲೆ ಅದೇ ಮಾರ್ಚ್ ಕೊನೆಗೆ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಉಯಿಲಿನ ಆಸ್ತಿಯನ್ನು ಕಾಲೇಜು ಮುಚ್ಚಲು ಬಳಸುವುದು ನ್ಯಾಸದ ಉಲ್ಲಂಘನೆ ಎಂಬುದು ವಾದದ ತಿರುಳು. ಕೆಳ ನ್ಯಾಯಾಲಯ ಒಪ್ಪಲಿಲ್ಲ. ಜೂನ್ 9ರಂದು ವರ್ಜೀನಿಯದ ಸರ್ವೋಚ್ಚ ನ್ಯಾಯಾಲಯ, ಸಂಸ್ಥೆ ಕಂಪನಿಯ ರೂಪದಲ್ಲಿದ್ದ ಮಾತ್ರಕ್ಕೆ ನ್ಯಾಸದ ಕಾನೂನು ಅದಕ್ಕೆ ಅನ್ವಯಿಸದು ಎನ್ನಲಾಗದು ಎಂದು ಪ್ರಕರಣವನ್ನು ಹಿಂದಿರುಗಿಸಿತು. ಅದೇ ತಿಂಗಳು ರಾಜ್ಯದ ಅಟಾರ್ನಿ ಜನರಲ್ ಮಧ್ಯಸ್ಥಿಕೆಯಲ್ಲಿ ರಾಜಿಯಾಯಿತು. ಹಳೆಯ ವಿದ್ಯಾರ್ಥಿನಿಯರು 1 ಕೋಟಿ 20 ಲಕ್ಷ ಡಾಲರ್ ಒದಗಿಸಬೇಕು. ದತ್ತಿ ನಿಧಿಯ 1 ಕೋಟಿ 60 ಲಕ್ಷ ಡಾಲರ್ ಮೇಲಿನ ನಿರ್ಬಂಧ ಸಡಿಲಿಸಲಾಗುವುದು. ಅಧ್ಯಕ್ಷರೂ ಆಡಳಿತ ಮಂಡಳಿಯ ಬಹುಪಾಲು ಸದಸ್ಯರೂ ಸ್ಥಾನ ಬಿಡಬೇಕು. ಹಣ ಬಂತು. ಕಾಲೇಜು ಆಗಸ್ಟ್‌ನಲ್ಲಿ ತೆರೆಯಿತು.

ತೆರೆಯಿತೆಂದ ಮಾತ್ರಕ್ಕೆ ಕಷ್ಟ ಕಳೆಯಿತೆಂದಲ್ಲ. ಆ ಆಗಸ್ಟ್‌ನಲ್ಲಿ ಮರಳಿದ ವಿದ್ಯಾರ್ಥಿನಿಯರ ಸಂಖ್ಯೆ ಹಿಂದಿನ ವರ್ಷದ ಅರ್ಧಕ್ಕೂ ಕಡಿಮೆಯಿತ್ತು. ಮುಚ್ಚುವ ಸುದ್ದಿ ಕೇಳಿದವರು ಬೇರೆಡೆ ಸೇರಿಬಿಟ್ಟಿದ್ದರು. ಹಳೆಯ ವಿದ್ಯಾರ್ಥಿನಿಯರು ರಜೆ ಹಾಕಿ ಬಂದು ಕಳೆ ಕಿತ್ತರು, ಬಣ್ಣ ಬಳಿದರು. 2017ರಲ್ಲಿ ಹೊಸ ಆಡಳಿತ ಶುಲ್ಕವನ್ನು ಶೇ 32ರಷ್ಟು ಇಳಿಸುವುದಾಗಿ ಘೋಷಿಸಿ ಪಠ್ಯಕ್ರಮವನ್ನು ಪುನಾರಚಿಸಿತು. ಎಲ್ಲ ರಾಜಿಗಳ ನಡುವೆ ಕಾಲೇಜು ನಡೆದುಕೊಂಡು ಬಂದಿದೆ.

ಇದನ್ನು ಓದಿದ ಅನೇಕರು ‘ಅಮೆರಿಕದವರಿಗೆ ಹಣವಿದೆ, ಕೊಟ್ಟರು’ ಎಂದು ಪುಟ ತಿರುಗಿಸುತ್ತಾರೆ. ವೆಲ್ಸ್ ಕಾಲೇಜಿನ ಹಳೆಯ ವಿದ್ಯಾರ್ಥಿನಿಯರೂ ಅಮೆರಿಕದವರೇ ಆಗಿದ್ದರಲ್ಲ! ಎರಡು ಪ್ರಕರಣಗಳ ನಡುವಣ ಅಂತರ ಸಂಪತ್ತಿನದೊಂದೇ ಅಲ್ಲ. ಸ್ವೀಟ್ ಬ್ರಯರ್‌ನವರಿಗೆ ಆರು ತಿಂಗಳ ಕಾಲಾವಕಾಶ ಸಿಕ್ಕಿತು, ಕಾನೂನಿನಲ್ಲಿ ಹಿಡಿಯಲು ಒಂದು ಎಳೆ ಸಿಕ್ಕಿತು. ಇವೆರಡಕ್ಕಿಂತ ಮೊದಲೇ ಅವರ ಕೈಯಲ್ಲಿ ಒಂದು ಪಟ್ಟಿಯಿತ್ತು. ಯಾವ ವರ್ಷದವರು ಯಾರು, ಎಲ್ಲಿದ್ದಾರೆ, ಯಾರಿಗೆ ಯಾರು ಫೋನ್ ಮಾಡಬೇಕು ಎಂಬುದು ಗೊತ್ತಿತ್ತು. ಆ ಪಟ್ಟಿ ಬಿಕ್ಕಟ್ಟಿನ ದಿನ ತಯಾರಾದದ್ದಲ್ಲ. ಆಚರಣೆಗಳ ನೆಪದಲ್ಲಿ ತಲೆಮಾರುಗಳಿಂದ ಬೆಳೆದು ಬಂದದ್ದು.

ಈ ವ್ಯವಸ್ಥೆಯ ಮೂಲ ಹುಡುಕಿದರೆ ಇನ್ನೊಂದು ಸಣ್ಣ ಕಾಲೇಜಿನ ಬಿಕ್ಕಟ್ಟೇ ಕಾಣುತ್ತದೆ. ಮ್ಯಾಸಚೂಸೆಟ್ಸ್‌ನ ಬೆಟ್ಟಗಳ ನಡುವೆ 1793ರಲ್ಲಿ ಆರಂಭವಾದ ವಿಲಿಯಮ್ಸ್ ಕಾಲೇಜು ಊರಿನಿಂದ ದೂರ, ದಾರಿ ದುರ್ಗಮ. ಅದರ ಅಧ್ಯಕ್ಷ ಜೆಫನಾಯ ಸ್ವಿಫ್ಟ್ ಮೂರ್ ಇಲ್ಲಿ ಕಾಲೇಜು ನಡೆಯದೆಂದು ನಿರ್ಧರಿಸಿ 1821ರಲ್ಲಿ ಕೆಲವು ವಿದ್ಯಾರ್ಥಿಗಳನ್ನು ಕರೆದುಕೊಂಡು ಆಮ್ಹರ್ಸ್ಟ್‌ಗೆ ಹೊರಟರು. ಅಲ್ಲಿ ಹೊಸ ಕಾಲೇಜು ಹುಟ್ಟಿತು. (ಹೋಗುವಾಗ ಗ್ರಂಥಾಲಯದ ಪುಸ್ತಕಗಳನ್ನೂ ಹೊತ್ತೊಯ್ದರೆಂಬ ಕಟ್ಟುಕಥೆ ಇಂದಿಗೂ ಎರಡು ಕಾಲೇಜುಗಳ ನಡುವೆ ನಗೆಗೆ ವಸ್ತುವಾಗಿದೆ.) ಅದೇ ವರ್ಷದ ಪದವಿ ಪ್ರದಾನಕ್ಕೆ ಬಂದ ಹಳೆಯ ವಿದ್ಯಾರ್ಥಿಗಳು ಅಲ್ಲೇ ಸಭೆ ಸೇರಿ ಸಂಘವೊಂದನ್ನು ರಚಿಸಿಕೊಂಡರು. ಇಂದಿಗೂ ಅಸ್ತಿತ್ವದಲ್ಲಿರುವ ಹಳೆಯ ವಿದ್ಯಾರ್ಥಿ ಸಂಘಗಳಲ್ಲಿ ಅದೇ ಅತ್ಯಂತ ಹಳೆಯದೆಂದು ಹೇಳಲಾಗುತ್ತದೆ. ಮುಚ್ಚಬೇಕಿದ್ದ ಕಾಲೇಜು ಇಂದು ಸುಮಾರು ಎರಡು ಸಾವಿರ ವಿದ್ಯಾರ್ಥಿಗಳೊಂದಿಗೆ ಆ ದೇಶದ ಅಗ್ರಗಣ್ಯ ಕಾಲೇಜುಗಳ ಸಾಲಿನಲ್ಲಿದೆ.

ಅಮೆರಿಕದ 20ನೆಯ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಇಲ್ಲಿ ಓದಿ 1856ರಲ್ಲಿ ಪದವಿ ಪಡೆದವರು. ಮರದ ದಿಮ್ಮಿಯ ಒಂದು ತುದಿಯಲ್ಲಿ ತಮ್ಮ ಗುರು ಮಾರ್ಕ್ ಹಾಪ್ಕಿನ್ಸ್, ಇನ್ನೊಂದು ತುದಿಯಲ್ಲಿ ಒಬ್ಬ ವಿದ್ಯಾರ್ಥಿ ಕುಳಿತರೆ ಅದೇ ಕಾಲೇಜು ಎಂಬರ್ಥದ ಮಾತು ಅವರದೆಂದು ಪ್ರಸಿದ್ಧ. ಆ ಮಾತು ಹುಟ್ಟಿದ್ದು 1871ರಲ್ಲಿ, ನ್ಯೂಯಾರ್ಕ್ ನಗರದಲ್ಲಿ ನಡೆದ ಹಳೆಯ ವಿದ್ಯಾರ್ಥಿಗಳ ಔತಣಕೂಟದಲ್ಲಿ. ಹತ್ತು ವರ್ಷಗಳ ನಂತರ, 1881ರ ಜುಲೈ 2ರಂದು, ವಾಷಿಂಗ್ಟನ್ನಿನ ರೈಲು ನಿಲ್ದಾಣದಲ್ಲಿ ಅವರ ಮೇಲೆ ಗುಂಡು ಹಾರಿತು. ಅಂದು ಅವರು ಹೊರಟಿದ್ದ ಪ್ರವಾಸದಲ್ಲಿ ವಿಲಿಯಮ್ಸ್ ಕಾಲೇಜಿನ ಭೇಟಿಯೂ ಸೇರಿತ್ತು. ಅವರ ತಂಡ ಪದವಿ ಪಡೆದು ಆಗ ಇಪ್ಪತ್ತೈದು ವರ್ಷ ತುಂಬಿತ್ತು. ದೇಶದ ಅಧ್ಯಕ್ಷರಾದವರೂ ಸಹಪಾಠಿಗಳ ಕೂಟಕ್ಕೆ ಹೊರಡುವುದು ಸಹಜವೆನಿಸುವಷ್ಟು ಈ ರೂಢಿ ಆಗಲೇ ಬೇರೂರಿತ್ತೆಂಬುದನ್ನು ಗಮನಿಸಬೇಕು.

ವಿಲಿಯಮ್ಸ್‌ನಲ್ಲಿ ಈಗಲೂ ಒಂದು ವಿಚಿತ್ರ ಆಚರಣೆಯಿದೆ. ಪದವಿ ಪ್ರದಾನದ ಸಂದರ್ಭದಲ್ಲಿ ಪ್ರಾರ್ಥನಾ ಮಂದಿರದ ಗೋಪುರದ ಮೇಲಿಂದ ಗಡಿಯಾರವೊಂದನ್ನು ಕೆಳಗೆ ಬಿಡುತ್ತಾರೆ. ಅದು ಒಡೆದರೆ ಆ ವರ್ಷದವರಿಗೆ ಅದೃಷ್ಟ. ಎಂಬತ್ತು ಅಡಿ ಎತ್ತರದಿಂದ ಬಿದ್ದ ಗಡಿಯಾರ ಒಡೆಯದೇ ಇನ್ನೇನು ಮಾಡೀತು ಎಂದು ನಮ್ಮಂಥವರು ಕೇಳಬಹುದು. ಸಾರ್ಥಕತೆ ಇರುವುದು ಫಲಜ್ಯೋತಿಷ್ಯದಲ್ಲಲ್ಲ, ‘ಆ ವರ್ಷದವರು’ ಎಂಬ ಪದದಲ್ಲಿ. ಅಲ್ಲಿ ವಿದ್ಯಾರ್ಥಿ ಹೊರಬೀಳುವುದು ಒಬ್ಬೊಬ್ಬನಾಗಿ ಅಲ್ಲ, ಒಂದು ವರ್ಷದ ತಂಡವಾಗಿ. ಪ್ರತಿ ಐದು ವರ್ಷಕ್ಕೊಮ್ಮೆ ಆ ತಂಡ ಕಾಲೇಜಿಗೆ ಮರಳುತ್ತದೆ, ತನ್ನ ವರ್ಷದ ಫಲಕ ಹಿಡಿದು ಮೆರವಣಿಗೆಯಲ್ಲಿ ನಡೆಯುತ್ತದೆ. ಪ್ರತಿ ತಂಡಕ್ಕೂ ಅದರೊಳಗಿನವರೇ ಆದ ಕಾರ್ಯದರ್ಶಿ, ದೇಣಿಗೆ ಸಂಗ್ರಾಹಕರು ಇರುತ್ತಾರೆ. ದೇಣಿಗೆಗಾಗಿ ಫೋನ್ ಮಾಡುವುದು ಕಾಲೇಜಿನ ಗುಮಾಸ್ತರಲ್ಲ, ಹಾಸ್ಟೆಲ್ಲಿನಲ್ಲಿ ಪಕ್ಕದ ಕೋಣೆಯಲ್ಲಿದ್ದ ಗೆಳೆಯ. ಬೇಡವೆನ್ನುವುದು ಕಷ್ಟ.

ಅರ್ಥಶಾಸ್ತ್ರ ಓದಿದವರಿಗೆ ಇದರಲ್ಲಿ ಒಂದು ಪರಿಚಿತ ಸಮಸ್ಯೆಯ ಪರಿಹಾರ ಕಾಣುತ್ತದೆ. ಸಾವಿರಾರು ಮಂದಿಗೆ ಸೇರಿದ ಹೊಣೆಯನ್ನು ಯಾರೂ ಹೊರುವುದಿಲ್ಲ. ನಾನು ಕೊಡದಿದ್ದರೆ ಇನ್ನೊಬ್ಬ ಕೊಟ್ಟಾನು ಎಂದು ಪ್ರತಿಯೊಬ್ಬರೂ ಸುಮ್ಮನಿರುತ್ತಾರೆ. ಗುಂಪನ್ನು ಪರಸ್ಪರ ಬಲ್ಲವರ ಸಣ್ಣ ತಂಡಗಳಾಗಿ ಒಡೆದರೆ ಸುಮ್ಮನಿರುವವರ ಸಂಖ್ಯೆ ತಗ್ಗುತ್ತದೆ. ಯೇಲ್ ವಿಶ್ವವಿದ್ಯಾಲಯದ ಕಾನೂನು ಪ್ರಾಧ್ಯಾಪಕ ಹೆನ್ರಿ ಹಾನ್ಸ್‌ಮನ್ ಇಂಥ ದೇಣಿಗೆಯನ್ನು ಬರೆಯದ ಸಾಲದ ಮರುಪಾವತಿ ಎಂದು ವಿವರಿಸಿದ್ದಾರೆ. ಓದುವಾಗ ಶುಲ್ಕ ಪೂರ್ಣ ವೆಚ್ಚವನ್ನು ಭರಿಸಿರುವುದಿಲ್ಲ, ಉಳಿದದ್ದನ್ನು ಹಿಂದಿನವರು ತುಂಬಿರುತ್ತಾರೆ. ಸಂಪಾದನೆ ಬಂದ ಮೇಲೆ ಅದನ್ನು ಮುಂದಿನವರಿಗಾಗಿ ತೀರಿಸಬೇಕು. ಯಾವ ಪತ್ರಕ್ಕೂ ಸಹಿ ಹಾಕದ ಸಾಲ ಇದು.

ಇಷ್ಟು ಹೇಳಿ ನಿಲ್ಲಿಸಿದರೆ ಚಿತ್ರ ಅಪೂರ್ಣವಾಗುತ್ತದೆ. ಈ ಬಾಂಧವ್ಯಕ್ಕೆ ಕೊಳಕು ಮುಖವೂ ಇದೆ. ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ಪ್ರವೇಶದಲ್ಲಿ ಆದ್ಯತೆ ನೀಡುವ ಪದ್ಧತಿ ಆ ದೇಶದ ಹಲವು ಹೆಸರಾಂತ ಕಾಲೇಜುಗಳಲ್ಲಿ ಬೆಳೆದು ಬಂತು. ಜೊನಾಥನ್ ಮೀರ್ ಮತ್ತು ಹಾರ್ವೆ ರೋಸೆನ್ ಎಂಬ ಅರ್ಥಶಾಸ್ತ್ರಜ್ಞರು 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಕುತೂಹಲಕರವಾಗಿದೆ. ಮಗು ಅರ್ಜಿ ಹಾಕುವ ವಯಸ್ಸಿಗೆ ಹತ್ತಿರವಾದಂತೆ ತಂದೆ ತಾಯಿಯ ದೇಣಿಗೆ ಏರುತ್ತದೆ. ಮಗುವಿಗೆ ಸೀಟು ಸಿಗದಿದ್ದರೆ ಕುಸಿಯುತ್ತದೆ. ಕೃತಜ್ಞತೆಯೆಂದು ಕಂಡದ್ದರಲ್ಲಿ ಒಂದಷ್ಟು ಮುಂಗಡ ಠೇವಣಿಯೂ ಇತ್ತೆಂದಾಯಿತು. ಕ್ಯಾಪಿಟೇಶನ್ ಶುಲ್ಕದ ಪರಿಚಯವಿರುವ ನಮಗೆ ಇದೇನೂ ಹೊಸತಲ್ಲ. ಆಮ್ಹರ್ಸ್ಟ್ ಕಾಲೇಜು 2021ರಲ್ಲಿ ಈ ಆದ್ಯತೆಯನ್ನು ಕೈಬಿಟ್ಟದ್ದು ಒಳ್ಳೆಯ ಬೆಳವಣಿಗೆ. ಸ್ವೀಟ್ ಬ್ರಯರ್‌ನ ಉಯಿಲಿನಲ್ಲೂ ಒಂದು ಕಳಂಕವಿತ್ತು. ಅದರ ಪ್ರಕಾರ ಕಾಲೇಜು ಬಿಳಿಯ ಹೆಣ್ಣುಮಕ್ಕಳಿಗೆ ಮಾತ್ರ. ಆ ಷರತ್ತಿನಿಂದ ಬಿಡುಗಡೆ ಪಡೆಯಲು 1960ರ ದಶಕದಲ್ಲಿ ನ್ಯಾಯಾಲಯದ ಮೊರೆ ಹೋಗಬೇಕಾಯಿತು. ಗುಲಾಮರ ದುಡಿಮೆಯಿಂದ ಬೆಳೆದ ತೋಟದಲ್ಲಿ ಕಾಲೇಜು ನಿಂತಿದೆ ಎಂಬುದನ್ನೂ ಮರೆಯುವಂತಿಲ್ಲ.

ದೇಣಿಗೆ ಕೇಳುವವರು ಅಧಿಕಾರ ಹಂಚಿಕೊಳ್ಳಲು ಸಿದ್ಧರಿದ್ದಾರೆಯೇ ಎಂಬ ಪ್ರಶ್ನೆಯೂ ಅಲ್ಲಿ ಬಹಳ ಹಿಂದೆಯೇ ಎದ್ದಿದೆ. ಹಾರ್ವರ್ಡ್‌ನ ಮೇಲ್ವಿಚಾರಕ ಮಂಡಳಿಗೆ ಪದವೀಧರರೇ ಸದಸ್ಯರನ್ನು ಚುನಾಯಿಸುವ ಹಕ್ಕು 1865ರಲ್ಲಿ ಬಂತು. ಡಾರ್ಟ್‌ಮತ್ ಕಾಲೇಜನ್ನು ರಾಜ್ಯ ಸರ್ಕಾರ ವಶಪಡಿಸಿಕೊಳ್ಳಲು ಹೊರಟಾಗ ಅದೇ ಕಾಲೇಜಿನಲ್ಲಿ ಓದಿದ ಡೇನಿಯಲ್ ವೆಬ್‌ಸ್ಟರ್ ಸುಪ್ರೀಂ ಕೋರ್ಟಿನಲ್ಲಿ ವಾದಿಸಿ, 1819ರ ತೀರ್ಪಿನಲ್ಲಿ ಅದನ್ನು ಉಳಿಸಿದರು. ಅಂಥ ಡಾರ್ಟ್‌ಮತ್‌ನಲ್ಲೂ ಹಳೆಯ ವಿದ್ಯಾರ್ಥಿಗಳಿಗೆ ಆಡಳಿತ ಮಂಡಳಿಯಲ್ಲಿ ಸ್ಥಾನ ಸಿಕ್ಕಿದ್ದು 1891ರಲ್ಲಿ, ಸಾಕಷ್ಟು ಜಗಳದ ನಂತರ. 2007ರಲ್ಲಿ ಮಂಡಳಿ ತಾನೇ ನೇಮಿಸುವ ಸದಸ್ಯರ ಸಂಖ್ಯೆಯನ್ನು ಎಂಟು ಹೆಚ್ಚಿಸಿಕೊಂಡಾಗ ವಿವಾದ ಮತ್ತೆ ನ್ಯಾಯಾಲಯಕ್ಕೆ ಹೋಯಿತು. ಹಣ ಕೊಟ್ಟವರು ಲೆಕ್ಕ ಕೇಳುತ್ತಾರೆ. ಕೇಳಲಿ. ವೆಲ್ಸ್‌ನಂಥ ಪ್ರಕರಣಗಳಲ್ಲಿ ಕೇಳುವವರು ಮಂಡಳಿಯ ಒಳಗೆ ಇನ್ನಷ್ಟು ಜನ ಇದ್ದಿದ್ದರೆ ಸುದ್ದಿ ಇನ್ನಷ್ಟು ಮುಂಚೆ ಹೊರಬರುತ್ತಿತ್ತೇನೋ.

ಕೆಲವು ವರ್ಷಗಳ ಹಿಂದೆ ನೆಂಟರ ಹುಡುಗಿಯೊಬ್ಬಳ ಪದವಿ ಪ್ರದಾನಕ್ಕಾಗಿ ಇಂಥದೇ ಒಂದು ಸಣ್ಣ ಕಾಲೇಜಿನ ಹುಲ್ಲುಹಾಸಿನ ಮೇಲೆ ಎರಡು ಗಂಟೆ ಕುಳಿತಿದ್ದೆ. ಪದವಿ ಪಡೆಯುವ ಒಬ್ಬೊಬ್ಬರ ಹೆಸರನ್ನೂ ಓದಿದರು. ಶಿವಮೊಗ್ಗ ಮೂಲದ ಆ ಹುಡುಗಿಯ ಮೂರು ಭಾಗಗಳ ಹೆಸರನ್ನು ಓದುಗರು ಹಿಂದಿನ ದಿನವೇ ಅವಳಿಂದ ಕೇಳಿ ಅಭ್ಯಾಸ ಮಾಡಿಕೊಂಡಿದ್ದರಂತೆ, ತಪ್ಪಿಲ್ಲದೆ ಹೇಳಿದರು. ಅವಳ ಅಜ್ಜಿ ಕಣ್ಣೊರೆಸಿಕೊಂಡರು.

ನಮ್ಮಲ್ಲಿ ಈ ದೃಶ್ಯ ಏಕಿಲ್ಲ ಎಂಬುದಕ್ಕೆ ಐತಿಹಾಸಿಕ ಕಾರಣವಿದೆ. ಅಮೆರಿಕದ ಸಣ್ಣ ಕಾಲೇಜು ತಾನೇ ಪದವಿ ಕೊಡುತ್ತದೆ. ನಮ್ಮ ಕಾಲೇಜು ಕೊಡುವುದಿಲ್ಲ. 1857ರಲ್ಲಿ ಕಲ್ಕತ್ತ, ಮುಂಬಯಿ, ಮದ್ರಾಸುಗಳಲ್ಲಿ ಸ್ಥಾಪಿತವಾದ ವಿಶ್ವವಿದ್ಯಾಲಯಗಳು ಆಗಿನ ಲಂಡನ್ ವಿಶ್ವವಿದ್ಯಾಲಯದ ಮಾದರಿಯವು: ಪಾಠ ಹೇಳುವುದು ಕಾಲೇಜು, ಪರೀಕ್ಷೆ ನಡೆಸಿ ಪದವಿ ಕೊಡುವುದು ವಿಶ್ವವಿದ್ಯಾಲಯ. 1917ರಲ್ಲಿ ಆರಂಭವಾದ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರು, 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಬರುವವರೆಗೂ, ಮುಂಬಯಿಯ ಪದವೀಧರರು. ಮೂರು ವರ್ಷ ಕಳೆದ ಕಟ್ಟಡ ಒಂದೆಡೆ, ಪ್ರಮಾಣಪತ್ರದ ಮೇಲಿನ ಮುದ್ರೆ ಇನ್ನೊಂದೆಡೆ. ಈ ಏರ್ಪಾಡು ಇಂದಿಗೂ ಹಾಗೆಯೇ ಇದೆ. ಘಟಿಕೋತ್ಸವದಲ್ಲಿ ವೇದಿಕೆ ಹತ್ತುವವರು ಚಿನ್ನದ ಪದಕದವರು, ಪಿಎಚ್.ಡಿ.ಯವರು, ಉಳಿದ ಸಾವಿರಾರು ಮಂದಿ ಗೈರುಹಾಜರಿಯಲ್ಲಿ ಪದವೀಧರರಾಗುತ್ತಾರೆ. ಪ್ರಮಾಣಪತ್ರ ಕೌಂಟರಿನಲ್ಲೋ ಅಂಚೆಯಲ್ಲೋ ಬರುತ್ತದೆ, ಈಗ ಡಿಜಿಲಾಕರಿನಲ್ಲೂ ಸಿಗುತ್ತದೆ. ಸ್ವಾಯತ್ತ ಕಾಲೇಜುಗಳು ತಮ್ಮದೇ ಪದವಿ ದಿನ ಆಚರಿಸತೊಡಗಿವೆ ಎಂಬುದು ನಿಜ. ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಬೀಳ್ಕೊಡುಗೆಯೆಂದರೆ ಪರೀಕ್ಷೆಗೆ ಮುನ್ನ ನಡೆಯುವ ಒಂದು ಗ್ರೂಪ್ ಫೋಟೊ, ಒಂದು ಪೊಟ್ಟಣ ಖಾರ ಮತ್ತು ಮೈಸೂರುಪಾಕು.

ಘಟಿಕೋತ್ಸವ ಎಂಬ ಸೊಗಸಾದ ಪದ ಪ್ರಾಚೀನ ಘಟಿಕಾಸ್ಥಾನಗಳನ್ನು ನೆನಪಿಗೆ ತರುತ್ತದೆ. ತಾಳಗುಂದದ ಶಾಸನದ ಪ್ರಕಾರ ಕದಂಬರ ಮಯೂರಶರ್ಮ ಕಂಚಿಯ ಘಟಿಕೆಗೆ ಓದಲು ಹೋಗಿ, ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾಗಿ, ಓದು ಬಿಟ್ಟು ರಾಜ್ಯ ಕಟ್ಟಿದ. ನಾಡಿನ ಅತ್ಯಂತ ಪ್ರಸಿದ್ಧ ಘಟಿಕಾ ವಿದ್ಯಾರ್ಥಿಗೆ ಘಟಿಕೋತ್ಸವದ ಭಾಗ್ಯವಿರಲಿಲ್ಲವೆನ್ನಬೇಕು.

ಹಾಗೆಂದು ನಮ್ಮವರಿಗೆ ಕೃತಜ್ಞತೆ ಇಲ್ಲವೆಂದರೆ ಅದು ಸುಳ್ಳು. ನಮ್ಮ ಕೃತಜ್ಞತೆಯ ವಿಳಾಸ ಬೇರೆ. ವಾರಾನ್ನದಲ್ಲಿ ಓದಿದವರು ಸೋಮವಾರ ಯಾರ ಮನೆ, ಗುರುವಾರ ಯಾರ ಮನೆ ಎಂಬುದನ್ನು ಎಂಬತ್ತರ ವಯಸ್ಸಿನಲ್ಲೂ ಹೇಳಬಲ್ಲರು. ಮಠದ ಉಚಿತ ಪ್ರಸಾದ ನಿಲಯದಲ್ಲಿ ಉಂಡವರು ಆ ಮಠದ ಜಾತ್ರೆಗೆ ತಪ್ಪುವುದಿಲ್ಲ. 1916ರಲ್ಲಿ ಏಳು ಮಂದಿ ಶಿಕ್ಷಕರು ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ ಕಟ್ಟಿದಾಗ, ಅದಕ್ಕೆ ಶಿರಸಂಗಿಯ ಲಿಂಗರಾಜರಂಥವರ ದಾನ ಒದಗಿದಾಗ, ಕೊಟ್ಟವರಾರೂ ಆ ಸಂಸ್ಥೆಯ ಹಳೆಯ ವಿದ್ಯಾರ್ಥಿಗಳಾಗಿರಲಿಲ್ಲ. ಈಚಿನ ವರ್ಷಗಳಲ್ಲಿ ವಾಟ್ಸ್ಆ್ಯಪ್ ಗುಂಪುಗಳ ದೆಸೆಯಿಂದ ಊರೂರಿನಲ್ಲೂ ಹಳೆಯ ವಿದ್ಯಾರ್ಥಿಗಳ ಗುರುವಂದನೆ, ಸ್ನೇಹ ಸಮ್ಮಿಲನ ನಡೆಯುತ್ತಿವೆ. ನಿವೃತ್ತ ಮೇಷ್ಟ್ರಿಗೆ ಪೇಟ ತೊಡಿಸಿ, ಶಾಲು ಹೊದೆಸಿ, ಫಲ ತಾಂಬೂಲ ಕೊಟ್ಟು ಕಾಲಿಗೆರಗುವ ಆ ದೃಶ್ಯ ಯಾವ ಮೆರವಣಿಗೆಗೂ ಕಡಿಮೆಯಲ್ಲ. ಆದರೆ ಇವು ಹೆಚ್ಚಾಗಿ ಪ್ರೌಢಶಾಲೆಯ ತಂಡಗಳು. ಪದವಿ ಕಾಲೇಜಿಗೆ ಬಂದಾಗ ಈ ಉತ್ಸಾಹ ತಗ್ಗುತ್ತದೆ. ಹೆಚ್ಚೆಂದರೆ ಒಂದು ನೀರು ಶುದ್ಧೀಕರಣ ಯಂತ್ರ, ಒಂದು ಬೀರು, ರೆಕ್ಕೆಗಳ ಮೇಲೆ ದಾನಿಯ ಹೆಸರು ಬರೆಸಿದ ಫ್ಯಾನು. (ತಿರುಗುವಾಗ ಹೆಸರು ಕಾಣುವುದಿಲ್ಲ, ವಿದ್ಯುತ್ ಕೈಕೊಟ್ಟಾಗ ಮಾತ್ರ ಮಕ್ಕಳು ಓದಿಕೊಳ್ಳುತ್ತಾರೆ.)

ದೊಡ್ಡ ಸಂಸ್ಥೆಗಳ ಮಾತು ಬೇರೆ. ನಂದನ್ ನಿಲೇಕಣಿ 2023ರಲ್ಲಿ ತಾವು ಓದಿದ ಮುಂಬಯಿ ಐಐಟಿಗೆ 315 ಕೋಟಿ ರೂಪಾಯಿ ಕೊಟ್ಟರು. ಅದೇ ಸಂಸ್ಥೆಯ 1998ರ ತಂಡ ಇಪ್ಪತ್ತೈದು ವರ್ಷ ತುಂಬಿದ ನೆನಪಿಗೆ 57 ಕೋಟಿ ರೂಪಾಯಿ ಕೂಡಿಸಿತು. ಸಂತೋಷದ ವಿಷಯವೇ. ಹಾಗಿದ್ದೂ ಐಐಟಿ ಮುಚ್ಚುವ ಭಯವಿಲ್ಲ. ಕರ್ನಾಟಕದಲ್ಲಿ ನಾನೂರಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಅನುದಾನಿತ ಕಾಲೇಜುಗಳು ಬೇರೆ. ಪಾಠ ಹೇಳುವವರಲ್ಲಿ ಅತಿಥಿ ಉಪನ್ಯಾಸಕರೇ ಹೆಚ್ಚಾಗಿರುವ ಕಾಲೇಜುಗಳಿವೆ. ಮಕ್ಕಳು ಇಲ್ಲದೆ ಮುಚ್ಚಿಹೋಗುವ ವಿಷಯಗಳಿವೆ. ಮೊದಲು ಹೋಗುವುದು ಇತಿಹಾಸ, ತತ್ತ್ವಶಾಸ್ತ್ರ, ಐಚ್ಛಿಕ ಕನ್ನಡದಂಥವು. ನಮ್ಮಲ್ಲಿ ಸಣ್ಣ ಕಾಲೇಜು ಒಂದೇ ದಿನ ಪ್ರಕಟಣೆ ಹೊರಡಿಸಿ ಮುಚ್ಚುವುದಿಲ್ಲ. ಒಂದೊಂದು ವಿಭಾಗದ ಬೀಗ ಬೀಳುತ್ತ ಬರುತ್ತದೆ, ಅದು ಯಾರಿಗೂ ಸುದ್ದಿಯಾಗುವುದಿಲ್ಲ.

ಇಲ್ಲೊಂದು ವಿಪರ್ಯಾಸವಿದೆ. ಸಂವಿಧಾನದ 171ನೆಯ ವಿಧಿಯ ಪ್ರಕಾರ ಪದವಿ ಪಡೆದು ಮೂರು ವರ್ಷವಾದವರಿಗೆ ವಿಧಾನ ಪರಿಷತ್ತಿಗೆ ಪ್ರತಿನಿಧಿಗಳನ್ನು ಕಳುಹಿಸುವ ಹಕ್ಕಿದೆ. 75 ಸದಸ್ಯರ ನಮ್ಮ ಪರಿಷತ್ತಿನಲ್ಲಿ ಏಳು ಸ್ಥಾನಗಳು ಪದವೀಧರರವು. ರಾಜ್ಯದ ಕಾನೂನು ರಚನೆಯಲ್ಲಿ ದನಿಯಿರುವ ಈ ಪದವೀಧರನಿಗೆ ತಾನು ಓದಿದ ಕಾಲೇಜಿನಲ್ಲಿ ಮಾತ್ರ ಅಂಥ ಮತವಿಲ್ಲ. ಮುಂಬಯಿ ವಿಶ್ವವಿದ್ಯಾಲಯದ ಸೆನೆಟ್‌ನಲ್ಲಿ ನೋಂದಾಯಿತ ಪದವೀಧರರು ಚುನಾಯಿಸುವ ಹತ್ತು ಸ್ಥಾನಗಳು ಈಗಲೂ ಇವೆ. 2024ರಲ್ಲಿ ಅವುಗಳಿಗೆ ಚುನಾವಣೆ ನಡೆಯಿತು. ನಮ್ಮ ಸರ್ಕಾರಿ ಕಾಲೇಜಿನ ಅಭಿವೃದ್ಧಿ ಸಮಿತಿಗೆ ಶಾಸಕರು ಅಧ್ಯಕ್ಷರು. ಸೇವೆಯಲ್ಲಿದ್ದಾಗ ಇಂಥ ಸಮಿತಿಗಳ ನಡಾವಳಿಗಳನ್ನು ಓದುವ ಅವಕಾಶ ನನಗೆ ಒದಗಿತ್ತು. ಕಾಂಪೌಂಡು ಗೋಡೆ, ಶೌಚಾಲಯ, ಹೆಚ್ಚುವರಿ ಕೊಠಡಿ ಎಲ್ಲವೂ ಅಲ್ಲಿ ಚರ್ಚೆಯಾಗುತ್ತಿದ್ದವು, ಎಲ್ಲವೂ ಅಗತ್ಯವಾದವೇ. ಓದಿ ಹೋದವರ ಬಗ್ಗೆ ಒಂದು ಸಾಲನ್ನೂ ನಾನು ಕಂಡ ನೆನಪಿಲ್ಲ.

ನ್ಯಾಕ್ ಸಂಸ್ಥೆ ತನ್ನ ಮೌಲ್ಯಮಾಪನದಲ್ಲಿ ಹಳೆಯ ವಿದ್ಯಾರ್ಥಿಗಳ ಪಾಲ್ಗೊಳ್ಳುವಿಕೆಗೂ ಅಂಕ ಇಟ್ಟ ಮೇಲೆ ಸಂಘಗಳು ಎಲ್ಲೆಡೆ ತಲೆಯೆತ್ತಿದವು. 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದಡಿ ಪ್ರಮಾಣಪತ್ರ ಪಡೆದು, ಪರಿಶೀಲನಾ ತಂಡ ಬರುವ ವಾರ ಒಂದು ಸಭೆ ಸೇರಿಸಿ, ಹಾಜರಿ ಪುಸ್ತಕಕ್ಕೆ ಸಹಿ ಮಾಡಿಸಿದರೆ ಕೆಲಸ ಮುಗಿಯಿತೆಂದು ತಿಳಿದ ಕಾಲೇಜುಗಳು ಕಡಿಮೆಯಿಲ್ಲ. ಕಡತಕ್ಕಾಗಿ ಹುಟ್ಟಿದ್ದು ಕಡತದಲ್ಲೇ ಉಳಿಯುತ್ತದೆ ಎಂಬುದನ್ನು ಕಡತಗಳ ನಡುವೆ ಮೂವತ್ತು ವರ್ಷ ಕಳೆದವನಾಗಿ ಹೇಳಬಲ್ಲೆ.

ಸರ್ಕಾರಿ ಕಾಲೇಜಿನ ವೆಚ್ಚವನ್ನು ತೆರಿಗೆದಾರರು ಭರಿಸಿದ್ದಾರೆ, ಹಳೆಯ ವಿದ್ಯಾರ್ಥಿಯೂ ಈಗ ತೆರಿಗೆ ಕಟ್ಟುತ್ತಿದ್ದಾನೆ, ಮತ್ತೇಕೆ ದೇಣಿಗೆ ಎಂದು ಗೆಳೆಯರೊಬ್ಬರು ನನ್ನೊಂದಿಗೆ ವಾದಿಸಿದ್ದುಂಟು. ವಾದದಲ್ಲಿ ಹುರುಳಿದೆ. ಸರ್ಕಾರ ತನ್ನ ಹೊಣೆಯನ್ನು ಜಾರಿಸಿಕೊಳ್ಳಲು ಹಳೆಯ ವಿದ್ಯಾರ್ಥಿಗಳ ಔದಾರ್ಯ ನೆಪವಾಗಬಾರದು. ಅಧ್ಯಾಪಕರ ನೇಮಕ, ವೇತನ ಸರ್ಕಾರದ ಕರ್ತವ್ಯಗಳೇ. ಆದ್ದರಿಂದಲೇ ಮೊದಲು ಬೇಕಾದದ್ದು ಹಣವಲ್ಲವೆಂದು ನನ್ನ ಅಭಿಪ್ರಾಯ. ಇತಿಹಾಸ ವಿಭಾಗದಲ್ಲಿ ಎಷ್ಟು ಮಂದಿ ಸೇರಿದರು, ಎಷ್ಟು ಹುದ್ದೆ ಖಾಲಿ ಇವೆ, ಗ್ರಂಥಾಲಯಕ್ಕೆ ಎಷ್ಟು ಪುಸ್ತಕ ಬಂದವು ಎಂಬ ಒಂದು ಪುಟದ ವಾರ್ಷಿಕ ವರದಿ ಓದಿ ಹೋದವರಿಗೆ ತಲುಪಲಿ. ಅಭಿವೃದ್ಧಿ ಸಮಿತಿಯಲ್ಲಿ ಅವರೇ ಚುನಾಯಿಸಿದ ಇಬ್ಬರು ಕೂರಲಿ, ಪಕ್ಷದ ಪಟ್ಟಿಯಿಂದ ಬಂದವರಲ್ಲ. ಫಲಿತಾಂಶ ಬಂದ ಮೇಲೆ ಒಂದು ಭಾನುವಾರ ಕಾಲೇಜಿನ ಅಂಗಳದಲ್ಲಿ ಪದವೀಧರರಾದ ಎಲ್ಲರ ಹೆಸರನ್ನೂ ಓದಲಿ. ಇನ್ನೂರು ಹೆಸರು ಓದಲು ಅರ್ಧ ಗಂಟೆ ಸಾಕು. ಮುಖ್ಯ ಅತಿಥಿಯ ಭಾಷಣದಲ್ಲಿ ಅಷ್ಟು ಸಮಯ ಕಡಿತ ಮಾಡಿದರೆ ಯಾರಿಗೂ ನಷ್ಟವಿಲ್ಲ. ಅವರಲ್ಲಿ ಅನೇಕರು ಮನೆತನದಲ್ಲೇ ಮೊದಲ ಪದವೀಧರರು. ತಂದೆ ತಾಯಿ ಆ ಹೆಸರನ್ನು ಧ್ವನಿವರ್ಧಕದಲ್ಲಿ ಕೇಳಬೇಕು.

ಪಟ್ಟಿ ಎಲ್ಲಿಂದ ತರುವುದೆಂಬ ಚಿಂತೆ ಬೇಡ. ಪ್ರತಿ ಕಾಲೇಜಿನ ಕಚೇರಿಯಲ್ಲೂ ಕೆಂಪು ರಟ್ಟಿನ ದಪ್ಪ ಪ್ರವೇಶಾತಿ ವಹಿ ಇರುತ್ತದೆ. ಹೆಸರು, ತಂದೆಯ ಹೆಸರು, ಜಾತಿ, ಊರು, ಸೇರಿದ ದಿನಾಂಕ, ಎಲ್ಲಕ್ಕೂ ಒಂದೊಂದು ಅಂಕಣ. ಬಲತುದಿಯ ಅಂಕಣದಲ್ಲಿ ಕೆಂಪು ಶಾಯಿಯಲ್ಲಿ ‘ಟಿ.ಸಿ. ಕೊಡಲಾಗಿದೆ’ ಎಂಬ ಷರಾ, ಒಂದು ದಿನಾಂಕ, ಒಂದು ಸಹಿ. ಅದರ ಪಕ್ಕದಲ್ಲಿ ‘ಈಗಿನ ವಿಳಾಸ ಮತ್ತು ಮೊಬೈಲ್ ಸಂಖ್ಯೆ’ ಎಂದು ಇನ್ನೊಂದು ಗೆರೆ ಎಳೆಯಲು ಸರ್ಕಾರದ ಆದೇಶ ಬೇಕಿಲ್ಲ, ಪ್ರಾಂಶುಪಾಲರು ಗುಮಾಸ್ತರಿಗೆ ಹೇಳಿದರೆ ಸಾಕು.